ಕರೆಂಟ್ ಕೊಟ್ಟರೆ ಗಟ್ಟಿಯಾಗುವ ಎಣ್ಣೆ

ಇವತ್ತಾದರೂ ಗಂಭೀರವಾಗಿ ಕೆಲಸ ಮಾಡೋಣ ಅಂತ ಹೊರಟ ದಿನವೇ ನಮ್ಮ ಲ್ಯಾಬಿನಲ್ಲಿ ಏನಾದರೊಂದು ಎಡವಟ್ಟಾಗುತ್ತದೆ. ಚೆನ್ನೈನ ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ನಾನು ಎಂಜಿನಿಯರ್. ನನ್ನ ಸಹವಾಸವೆಲ್ಲ ಒಂದು ವಿಚಿತ್ರ ಎಣ್ಣೆಯ ಜೊತೆ. ಎಣ್ಣೆಗೆ ನುಣ್ಣನೆ ಹಿಟ್ಟು ಕಲಸಿ, ಎರಡು ಲೋಹದ ತಗಡುಗಳ ನಡುವೆ ಸುರಿದು, ಜೋರು ವೋಲ್ಟೇಜ್ ಕೊಟ್ಟರೆ ಹಿಟ್ಟಿನ ಕಣಗಳು ಕೈಕೈ ಹಿಡಿದು ಸಾಲುಗಟ್ಟುತ್ತವೆ. ಹರಿಯುತ್ತಿದ್ದದ್ದು ಕ್ಷಣದಲ್ಲಿ ಬೆಣ್ಣೆ. ಸ್ವಿಚ್ ಆರಿಸಿದರೆ ಮತ್ತೆ ಎಣ್ಣೆ.

೧. ಅತ್ತೆಯ ಸಲಹೆ

ಮದುವೆಯಾದ ಹೊಸದು. ವೇಲಚೇರಿಯ ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆ ಕೇಳಿದರು, "ಆಫೀಸಲ್ಲಿ ಏನಮ್ಮಾ ಮಾಡ್ತೀಯ?"

"ಕರೆಂಟ್ ಕೊಟ್ಟು ಎಣ್ಣೆ ಗಟ್ಟಿ ಮಾಡ್ತೀನಿ ಅತ್ತೆ."

ಅತ್ತೆ ನಾನು ಮಾಡಿದ ಸಾಂಬಾರನ್ನು ನೋಡಿದರು. ಅದು ತಟ್ಟೆಯ ಅಂಚು ದಾಟಿ ಟೇಬಲ್ ಮೇಲೆ ಹರಿಯುತ್ತಿತ್ತು.

"ಸರಿ, ನಾಳೆಯಿಂದ ಸಾಂಬಾರನ್ನೂ ಅಲ್ಲೇ ಮಾಡ್ಕೊಂಡು ಬಾ."

೨. ಕಾಣೆಯಾದ ಹಿಟ್ಟು

ಪ್ರಯೋಗಕ್ಕೆ ಕಾರ್ನ್‌ಫ್ಲೋರ್ ತರಿಸಿದ್ದೆ. ಗೇಟಿನವರು ಪೊಟ್ಟಣ ನೋಡಿ ನೇರ ಕ್ಯಾಂಟೀನಿಗೆ ಕಳಿಸಿಬಿಟ್ಟರು. ನಾನು ಲ್ಯಾಬೆಲ್ಲ ಹುಡುಕಿ ಸುಸ್ತಾಗಿ ಊಟಕ್ಕೆ ಹೋದರೆ, ಎಂದೂ ಇಲ್ಲದ ಗೋಬಿ ಮಂಚೂರಿ! ಮ್ಯಾನೇಜರ್ ಎರಡನೇ ಪ್ಲೇಟಿನಲ್ಲಿದ್ದರು.

"ಇವತ್ತಿನ ಪ್ರಯೋಗ ಏನಾಯ್ತಮ್ಮಾ?"

"ಚೆನ್ನಾಗಿ ಬಂದಿದೆಯಾ ಅಂತ ನೀವೇ ಹೇಳ್ಬೇಕು ಸಾರ್."

೩. ಕುರ್ಚಿ

ಲಾರಿ ಡ್ರೈವರುಗಳಿಗೆ ಕುಲುಕಾಟ ತಟ್ಟದಂತೆ ಇದೇ ಎಣ್ಣೆಯ ಮೇಲೆ ನಿಲ್ಲುವ ಸೀಟೊಂದನ್ನು ಮಾಡಿದ್ದೆವು. ಒಬ್ಬ ದೊಡ್ಡ ಗಿರಾಕಿ ನೋಡಲು ಬಂದರು. ಆಳೂ ದೊಡ್ಡವರೇ. ಅವರು ಒಪ್ಪದಿದ್ದರೆ ನಮ್ಮ ಲ್ಯಾಬಿಗೇ ಬೀಗ ಅಂತ ಮ್ಯಾನೇಜರ್ ಮೊದಲೇ ಹೆದರಿಸಿದ್ದರು.

ಸೀಟಿಗೆ ಸ್ಪ್ರಿಂಗ್ ಇನ್ನೂ ಹಾಕಿರಲಿಲ್ಲ. ಭಾರವೆಲ್ಲ ಎಣ್ಣೆಯದೇ. ಸ್ವಿಚ್ ಹಾಕಿದೆ, ಗಿರಾಕಿ ಕೂತರು. ಕಲ್ಲಿನ ಹಾಗೆ ನಿಂತಿತು.

"ಆನೆ ಕೂತರೂ ಅಲ್ಲಾಡಲ್ಲ ಸಾರ್," ಎಂದರು ಮ್ಯಾನೇಜರ್. ಹೇಳಿದ ಮೇಲೆ ಯಾರ ಮುಂದೆ ಹೇಳಿದೆ ಅಂತ ಹೊಳೆದು ನಾಲಿಗೆ ಕಚ್ಚಿಕೊಂಡರು.

ಅಷ್ಟರಲ್ಲಿ ಕರೆಂಟ್ ಹೋಯಿತು.

ಕತ್ತಲಲ್ಲಿ 'ಪುಸ್ಸ್' ಅಂತ ಉದ್ದನೆ ಸದ್ದು. "ಅಯ್ಯೋ, ಪಿಡಿಂಗ ಪಿಡಿಂಗ, ಹಿಡ್ಕೊಳ್ರೀ!" ಎಂದು ಮ್ಯಾನೇಜರ್ ಎರಡು ಭಾಷೆಯಲ್ಲಿ ಕೂಗಿದರು. ಜನರೇಟರ್ ಬಂತು. ಎಣ್ಣೆ ಇದ್ದಲ್ಲೇ ಗಟ್ಟಿಯಾಯಿತು. ಗಿರಾಕಿ ಸೀಟಿನ ಚೌಕಟ್ಟಿನೊಳಗೆ ಅರ್ಧ ಇಳಿದು, ಮೊಣಕಾಲು ಗಲ್ಲಕ್ಕೆ ತಗುಲಿ ಸಿಕ್ಕಿಕೊಂಡಿದ್ದರು.

"ಆಫ್ ಮಾಡಮ್ಮಾ!" ಎಂದರು ಮ್ಯಾನೇಜರ್.

ಆಫ್ ಮಾಡಿದೆ. ಇನ್ನಷ್ಟು ಇಳಿದರು.

"ಆನ್, ಆನ್!"

ಆನ್ ಮಾಡಿದೆ. ಅಲ್ಲೇ ನಿಂತರು. ಏರಿಸುವ ಸ್ವಿಚ್ಚನ್ನು ನಾವು ಕಂಡುಹಿಡಿದಿರಲಿಲ್ಲ.

ಕೊನೆಗೆ ಎಲ್ಲ ಸೇರಿ ಕೈ ಹಿಡಿದು ಎಳೆದು ತೆಗೆದೆವು. ಲ್ಯಾಬು ಮುಗಿಯಿತು ಅಂದುಕೊಂಡೆ. ಗಿರಾಕಿ ಅಂಗಿ ಸರಿಮಾಡಿಕೊಂಡು, ಆ ಕುರ್ಚಿಯನ್ನೇ ದಿಟ್ಟಿಸಿ, ನನ್ನನ್ನು ಹತ್ತಿರ ಕರೆದರು.

"ಲಾರಿ ವಿಷಯ ಆಮೇಲೆ ನೋಡೋಣ. ಮೊದಲು ನಮ್ಮ ಮೀಟಿಂಗ್ ರೂಮಿಗೆ ಇಂಥವು ಒಂದು ಡಜನ್ ಬೇಕು. ಭಾಷಣ ನಿಲ್ಲಿಸದವರು ಬಹಳ ಜನ ಇದ್ದಾರೆ. ಸ್ವಿಚ್ ಮಾತ್ರ ನನ್ನ ಕೈಯಲ್ಲೇ ಇರಬೇಕು."