ಅತ್ತೆಯ ಪಾಲಿನ ಗೋಡೆ

ನನ್ನ ಸೋದರತ್ತೆಯ ಹಾಗೆ ಬಣ್ಣ ಆರಿಸಬಲ್ಲವರು ಇಡೀ ಮಂಡ್ಯ ಜಿಲ್ಲೆಯಲ್ಲಿಲ್ಲ ಎಂದು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಆರಿಸಿ ಮುಗಿಸುವವರು ಬೇಕೆಂದರೆ ಮಾತ್ರ ದಯವಿಟ್ಟು ಬೇರೆ ಕಡೆ ಹುಡುಕಿಕೊಳ್ಳಿ!

ಅತ್ತೆಯ ಮನೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಬದಿಯಲ್ಲೇ ಇದೆ. ಮನೆ ಎಂದರೆ ಅರ್ಧ ಮನೆ. ಮಾವನೂ ಅವರ ಅಣ್ಣನೂ ಭಾಗವಾದಾಗ ಒಳಗೆ ನಡುಗೋಡೆ ಎದ್ದಿತು. ಹೊರಗಿನಿಂದ ನೋಡಿದರೆ ಈಗಲೂ ಒಂದೇ ಮನೆ, ಒಂದೇ ಉದ್ದನೆಯ ಗೋಡೆ. ಎಡಗಡೆ ಮಾವನ ಅಣ್ಣ, ಅಂದರೆ ಅತ್ತೆಯ ಭಾವ, ಮತ್ತು ಅವರ ಸಂಸಾರ. ಬಲಗಡೆ ಅತ್ತೆ ಒಬ್ಬರೇ. ಮಾವ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಬಲಗಡೆಯ ಅರ್ಧ ಇವತ್ತಲ್ಲ ನಾಳೆ ಎಡಗಡೆಗೇ ಸೇರುತ್ತದೆ ಎಂದು ಊರಿನವರೆಲ್ಲ ಆಗಲೇ ತೀರ್ಮಾನ ಮಾಡಿಯಾಗಿತ್ತು. ಅತ್ತೆಯನ್ನು ಒಂದು ಮಾತು ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಹೋದ ವರ್ಷ ಭಾವನ ಮಗನಿಗೆ ಮದುವೆ ಗೊತ್ತಾಯಿತು. ನಮ್ಮ ಕಡೆ ಮದುವೆ ಎಂದರೆ ಪುರೋಹಿತನಿಗಿಂತ ಮೊದಲು ಪೇಂಟರ್ ಬರುತ್ತಾನೆ. ಇಡೀ ಗೋಡೆಗೆ ಕ್ರೀಮ್ ಬಣ್ಣ ಎಂದು ಭಾವ ಅಪ್ಪಣೆ ಮಾಡಿದರು. ಪೇಂಟರ್ ಪಾಪ, ಮರ್ಯಾದಸ್ಥ. ಬಲಗಡೆಯ ಬಾಗಿಲಿಗೂ ಬಂದು, "ನಿಮ್ ಕಡೀಕೆ ಯಾವ್ ಬಣ್ಣ ಒಡೀಲವ್ವಾ?" ಎಂದು ಬಾಯಿಮಾತಿಗೆ ಕೇಳಿದ. ಬೇರೆ ಯಾರಾದರೂ ಆಗಿದ್ದರೆ "ಅದ್ನೇ ಒಡಿಯಪ್ಪ" ಎಂದು ಒಳಗೆ ಹೋಗುತ್ತಿದ್ದರು. ನಮ್ಮತ್ತೆ, "ತಡಿ, ನೋಡಿ ಯೋಳ್ತೀನಿ" ಎಂದರು. ಅಲ್ಲಿಗೆ ಪೇಂಟರನ ಗ್ರಹಚಾರ ಶುರುವಾಯಿತು, ಜೊತೆಗೆ ನನ್ನದೂ.

ಅವನು ತಂದ ಬಣ್ಣದ ಪುಸ್ತಕವನ್ನು ಅತ್ತೆ ಮುಟ್ಟಲೂ ಇಲ್ಲ. "ಉಗುರಷ್ಟು ಬಣ್ಣ ತೋರ್ಸಿ ಆಳೆತ್ತರದ್ ಗೋಡೆ ಒಪ್ಸಕ್ ಬಂದವ್ನೆ!" ಎಂದು ಮಂಡ್ಯದಲ್ಲಿದ್ದ ನನಗೆ ಫೋನು ಮಾಡಿದರು. ಮದ್ದೂರಿನ ಅಂಗಡಿಯೊಂದರಲ್ಲಿ ಎಂಥ ವಸ್ತುವನ್ನು ತೋರಿಸಿದರೂ ಅದೇ ಬಣ್ಣ ಕಲೆಸಿಕೊಡುವ ಯಂತ್ರ ಬಂದಿದೆ ಎಂದು ಅವರಿಗೆ ಯಾರೋ ಹೇಳಿದ್ದರು. ಆ ಪುಣ್ಯಾತ್ಮ ಯಾರೆಂದು ನಾನು ಇನ್ನೂ ಹುಡುಕುತ್ತಿದ್ದೇನೆ! ನನ್ನ ಸ್ಕೂಟರಿನ ಹಿಂದೆ ಕೂತು ಅತ್ತೆ ಒಮ್ಮೆ ಬೆಲ್ಲದ ಅಚ್ಚು ತೆಗೆದುಕೊಂಡು ಹೋದರು, ಒಮ್ಮೆ ಗುಂಡುಬದನೆಕಾಯಿ, ಒಮ್ಮೆ ಮಾವಿನ ಚಿಗುರು. ಒಂದು ದಿನ ಬಿಸಿ ಬಿಸಿ ಮದ್ದೂರು ವಡೆ ಕಟ್ಟಿಸಿಕೊಂಡು ಕೌಂಟರಿನ ಮೇಲಿಟ್ಟರು. ಅಂಗಡಿಯವನು "ಇದೆಲ್ಲಾ ಯಾಕಮ್ಮಾ" ಎಂದು ಸಂಕೋಚಪಡುತ್ತಲೇ ತಿಂದು ಮುಗಿಸಿದ.

"ಅಯ್ಯೋ, ನನ್ ಗೋಡೆ ತಿಂದ್ಬುಟ್ಟನಲ್ಲೋ!" ಎಂದು ಅತ್ತೆ ಕೂಗಿದ ಕೂಗು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು.

ತಂದ ಬಣ್ಣವನ್ನೆಲ್ಲ ಪೇಂಟರ್ ಗೋಡೆಯ ಮೇಲೆ ತಟ್ಟೆಯಗಲ ಹಚ್ಚಿ ತೋರಿಸಬೇಕಿತ್ತು. ಬೆಳಗಿನ ಬಿಸಿಲಲ್ಲಿ ಪಾಸಾದದ್ದು ಮಧ್ಯಾಹ್ನಕ್ಕೆ ಫೇಲಾಗುತ್ತಿತ್ತು. ಬೆಲ್ಲ ಹೋಗಿ ಸಗಣಿಯಾಯಿತು, ಚಿಗುರು ಹೋಗಿ ತುಕ್ಕಾಯಿತು. ನೋಡನೋಡುತ್ತಲೇ ಗೋಡೆಯ ತುಂಬ ತೇಪೆ. ಮಳವಳ್ಳಿ ಬಸ್ಸಿನ ಕಂಡಕ್ಟರು ಊರಿನ ಹೆಸರನ್ನೇ ಕೈಬಿಟ್ಟು, "ಬಣ್ಣದ್ ಮನೆ ಯಾರ್ರೀ, ಇಳೀರಿ!" ಎನ್ನತೊಡಗಿದ. ಒಂದು ಗೋಡೆಗೆ ಇಷ್ಟೆಲ್ಲ ಬೇಕೇ ಎಂದು ಕೇಳುತ್ತೀರಾ? ಊರೂ ಅದನ್ನೇ ಕೇಳಿತು. ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಭಾವನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಜಗಳ ಆಡುವುದು ಹೇಗೆ? ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡಬಾರದು ಎನ್ನುವುದು ಆ ಮನೆಯ ಹಳೆಯ ಮರ್ಯಾದೆ. ಸೊಸೆಯಾಗಿ ಬಂದಂದಿನಿಂದ ಅತ್ತೆ ಅವರಿಗೆ ಹೇಳಬೇಕಾದದ್ದನ್ನೆಲ್ಲ ಹಸುವಿಗೋ ಕಂಬಕ್ಕೋ ಹೇಳುತ್ತ ಬಂದವರು. ಈಗ ಕಂಬದ ಕೆಲಸ ಪೇಂಟರನ ಪಾಲಿಗೆ ಬಂತು.

ಮದುವೆ ಹತ್ತಿರವಾದಾಗ ಒಂದು ಬೆಳಿಗ್ಗೆ ಭಾವ ಕ್ರೀಮ್ ಡಬ್ಬಗಳನ್ನು ತರಿಸಿ ಅಂಗಳದಲ್ಲಿ ಇಡಿಸಿದರು. ಅತ್ತೆ ಪ್ಲಾಸ್ಟಿಕ್ ಕುರ್ಚಿ ತಂದು ತಮ್ಮ ಗೋಡೆಗೆ ಒತ್ತಿ ಹಾಕಿಕೊಂಡು ಕೂತರು. ಇಬ್ಬರ ನಡುವೆ ಕೈಯಳತೆ ದೂರ. ನಡುವೆ ಬ್ರಷ್ಷು ಹಿಡಿದ ಪೇಂಟರ್, ಪಕ್ಕದಲ್ಲಿ ಆಗಷ್ಟೇ ಸ್ಕೂಟರಿನಿಂದ ಇಳಿದ ನಾನು.

"ಬೀಗ್ರು ಬತ್ತಾವ್ರೆ. ಮನೆ ಒಡ್ದೋಗದೆ ಅಂತಾರೆ. ಒಂದೇ ಬಣ್ಣ ಇರ್ಲಿ ಅಂತ ಯೋಳಯ್ಯ ಅವಳ್ಗೆ" ಎಂದರು ಭಾವ.

"ಒಡ್ದಿರೋದು ದಿಟಾನೇ ಅಲ್ವಾ ಅಂತ ಕೇಳಪ್ಪ ಭಾವಾರ್ನ" ಎಂದರು ಅತ್ತೆ.

ಪೇಂಟರ್ ಬಾಯಿ ತೆರೆಯುವಷ್ಟರಲ್ಲಿ, "ಕೇಳುಸ್ತು! ಖರ್ಚೆಲ್ಲ ನಂದೇ ಅಂತ ಯೋಳು" ಎಂದರು ಭಾವ.

"ಗೋಡೆ ನಂದು ಅಂತ ಯೋಳು" ಎಂದರು ಅತ್ತೆ.

ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿ ತಿರುಗಿ ಪೇಂಟರನ ಕತ್ತು ಉಳುಕುವುದೊಂದು ಬಾಕಿ! ನನಗೆ ನಗು ತಡೆಯಲು ಆಗುತ್ತಿರಲಿಲ್ಲ. ಆಗ ಭಾವ, "ಇವತ್ತಲ್ಲ ನಾಳೆ ನನ್ ಮಗನ್ಗೇ ಸೇರೋ ಗೋಡೆ. ಅದೇನಂತೆ, ಇವತ್ತೇ ಕ್ರೀಮ್ ಒಡುದ್ರೆ?" ಎಂದುಬಿಟ್ಟರು. ನನ್ನ ನಗು ಅಲ್ಲೇ ನಿಂತಿತು.

ಅತ್ತೆ ಎದ್ದರು. ಪೇಂಟರನನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು. ಆ ಮನೆಗೆ ಬಂದಮೇಲೆ ಮೊದಲ ಸಲ ಭಾವನ ಮುಖವನ್ನು ನೆಟ್ಟಗೆ ನೋಡಿದರು.

"ನಾನಿನ್ನೂ ಬದ್ಕಿವ್ನಿ, ಭಾವ" ಎಂದರು.

ನನಗಂತೂ ಚಪ್ಪಾಳೆ ತಟ್ಟಿಬಿಡೋಣ ಅನ್ನಿಸಿತು. ಭಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಅತ್ತೆ ಗೋಡೆಯ ಕಡೆ ತಿರುಗಿ ಗುಂಡುಬದನೆಯ ಬಣ್ಣದ ಮೇಲೆ ಬೆರಳಿಟ್ಟರು. ಎಡಗಡೆ ಕ್ರೀಮ್, ಬಲಗಡೆ ಬದನೆಕಾಯಿ! ಬೀಗರು ಬಂದರು, ನೋಡಿದರು, ನಕ್ಕರು, ಉಂಡರು, ಹೋದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಮದುವೆಯಾದ ಮಾರನೆಯ ದಿನ ಹೊಸ ಸೊಸೆ ಗಂಡನ ಜೊತೆ ನಮ್ಮತ್ತೆಯ ಕಾಲಿಗೆ ಬೀಳಲು ಬಲಗಡೆಗೆ ಬಂದಳು. ತಲೆ ಎತ್ತದ ಹುಡುಗಿ. ಅತ್ತೆ ಅವಳ ರಟ್ಟೆ ಹಿಡಿದು ಎಬ್ಬಿಸಿ, "ನಮ್ ಬಾಗ್ಲಿಗೆ ಇನ್ನೂ ಬಣ್ಣ ಒಡ್ಸಿಲ್ಲ ಮಗಾ. ಯಾವ್ದು ಒಡ್ಸಾಣ?" ಎಂದು ಕೇಳಿದರು.

ಹುಡುಗಿ ಗಂಡನ ಮುಖ ನೋಡಿದಳು.

"ಅವನ್ ಮಕ ಯಾಕ್ ನೋಡೀಯೆ? ಅಲ್ಲೇನ್ ಬರ್ದದಾ? ನಿಂಗ್ಯಾವ್ದು ಇಷ್ಟವೋ ಅದ್ನ ಯೋಳು."

ಹುಡುಗಿ ಬಾಗಿಲಿನ ಕಡೆ ತಿರುಗಿ ನೋಡಿ, "ನೀಲಿ" ಎಂದಳು. ಹೇಳಿದ್ದು ತಾನೇನಾ ಎನ್ನುವಂತೆ ಬೆಚ್ಚಿ, ಆಮೇಲೆ ನಕ್ಕಳು.

ಅತ್ತೆ ಅವಳ ಕೈ ಬಿಡಲಿಲ್ಲ. ಭಾವನ ಎದುರು ನಿಂತಾಗಲೂ ಒದ್ದೆಯಾಗದ ಕಣ್ಣು ತುಂಬಿಕೊಂಡಿತ್ತು. ನನ್ನ ಕಡೆ ತಿರುಗಿ ಹೇಳಿದರು:

"ನೋಡ್ಲಾ, ಬಂದ್ ಮಾರ್ನೇ ದಿನಾನೇ ಕೇಳುದ್ರೆ ಎಷ್ಟ್ ಬಿರ್ನೆ ಯೋಳ್ತಾವಳೆ. ನನ್ನ ಯಾರೂ ಕೇಳೇ ಇರ್ನಿಲ್ಲ ಕಣ್ಲಾ, ಉಡೋ ಸೀರೆ ಬಣ್ಣಾನೂವೆ. ಅದ್ಕೇ ನಂಗೆ ಅಷ್ಟ್ ದಿನ ಇಡೀತು."