ಕತ್ತರಿಗೆ ಅನುಮತಿ, ಉಸಿರಿಗಿಲ್ಲ

ವಲಸಿಗರ ಬಂಧನ ಕೇಂದ್ರದ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ,

ಅನಂತ ವಂದನೆಗಳು. ಪತ್ರಿಕೆಯಲ್ಲಿ ಬಂದ ಭಾವಚಿತ್ರದಿಂದ ತಾವು ಕ್ಷೇಮವೆಂದು ತಿಳಿದು ಸಮಾಧಾನವಾಯಿತು. ನಾನು ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ತಮ್ಮ ಕೇಂದ್ರದಲ್ಲಿ ತೀರಿಕೊಂಡ ಕ್ಷೌರಿಕನ ಅಕ್ಕ. ನಮ್ಮ ಭಾಷೆಯಲ್ಲಿ 'ತಮ್ಮ' ಎಂದರೆ ತಮಗೆ ಸೇರಿದ್ದೂ ಹೌದು, ನನ್ನ ಒಡಹುಟ್ಟಿದವನೂ ಹೌದು. ಎಲ್ಲಾದರೂ ಗೊಂದಲವಾದರೆ, ಉಸಿರಾಡುತ್ತಿರುವವರು ತಾವೆಂದು ತಿಳಿದುಕೊಂಡು ಮುಂದೆ ಓದಬೇಕಾಗಿ ವಿನಂತಿ.

ಅವನ ವಾಸದ ಪರವಾನಗಿ ಮುಗಿದಿದ್ದು ನಿಜ. ನವೀಕರಣದ ಅರ್ಜಿ ಇಲಾಖೆಯ ಮೇಜಿನ ಮೇಲೆ ಸುಖನಿದ್ರೆಯಲ್ಲಿದ್ದಾಗ, ಗಿರಾಕಿಯೊಬ್ಬರ ಗಡ್ಡ ಅರ್ಧ ಬೋಳಿಸಿದ್ದ ಹೊತ್ತಿಗೆ, ತಮ್ಮವರು ಅಂಗಡಿಗೆ ಬಂದು ಅವನನ್ನು ಕರೆದೊಯ್ದರು. ಆ ಗಿರಾಕಿಯೇ ಮಿಕ್ಕರ್ಧ ಗಡ್ಡದೊಂದಿಗೆ ನನ್ನಲ್ಲಿಗೆ ಓಡಿಬಂದು ಸುದ್ದಿ ಮುಟ್ಟಿಸಿದರು.

ನನ್ನ ತಮ್ಮನಿಗೆ ಚಿಕ್ಕಂದಿನಿಂದ ಉಬ್ಬಸ. ಜೇಬಿನಲ್ಲಿ ಇನ್ಹೇಲರ್ ಇಲ್ಲದೆ ಬೀದಿಯ ಕೊನೆಗೂ ಹೋದವನಲ್ಲ. ಲೋಹದ ಡಬ್ಬಿ, ಭದ್ರತೆಗೆ ಅಪಾಯ ಎಂದು ತಮ್ಮ ಸಿಬ್ಬಂದಿ ಅದನ್ನು ಬಾಗಿಲಲ್ಲೇ ತೆಗೆದಿಟ್ಟುಕೊಂಡರು. ಆದರೆ ಅವನ ಕೈಗುಣ ತಿಳಿದ ಮೇಲೆ ಅವರೇ ಅವನ ಕೈಗೆ ಕತ್ತರಿಯನ್ನೂ ಕ್ಷೌರದ ಕತ್ತಿಯನ್ನೂ ಕೊಟ್ಟು ಒಬ್ಬರಾದ ಮೇಲೊಬ್ಬರು ತಲೆಯೊಡ್ಡಿ ಕೂತರು, ತಾವೂ ಕೂತಿರಿ. ನಾನು ನೋಡಲು ಬಂದಾಗ ಗಾಜಿನ ಆಚೆ ಕೂತು, "ಅಕ್ಕಾ, ದೊಡ್ಡ ಸಾಹೇಬ್ರು ಕುರ್ಚೀಲೇ ನಿದ್ದೆ ಹೋಗ್ಬಿಟ್ರು. ಎಬ್ಬಿಸೋಕೆ ಮನಸ್ಸೇ ಬರ್ಲಿಲ್ಲ" ಎಂದು ನಕ್ಕ. ನಕ್ಕಿದ್ದಕ್ಕೇ ಏದುಸಿರು ಬಂತು. ಇನ್ಹೇಲರ್ ಕೇಳಲಿಲ್ಲವೇನೋ ಎಂದೆ. "ದಿನಾ ಕೇಳ್ತೀನಿ. ಸೋಮವಾರ ಡಾಕ್ಟ್ರು ಬರ್ತಾರಂತೆ, ಅವ್ರು ಬರ್ದು ಕೊಟ್ರೆ ಕೊಡ್ತಾರಂತೆ" ಎಂದ. ತಮ್ಮ ಕುತ್ತಿಗೆಯ ಮೇಲೆ ಕತ್ತಿಯಾಡಿಸಲು ನಂಬಿಗಸ್ತನಾದವನು ತನ್ನ ಉಸಿರನ್ನು ಜೇಬಿನಲ್ಲಿಟ್ಟುಕೊಳ್ಳಲು ಮಾತ್ರ ಅಪಾಯಕಾರಿ ಎಂದು ಕಂಡುಹಿಡಿದ ಸೂಕ್ಷ್ಮಬುದ್ಧಿಗೆ ನಾನು ತಲೆಬಾಗುತ್ತೇನೆ.

ಸೋಮವಾರ ಡಾಕ್ಟರು ಹೇಳಿದಂತೆಯೇ ಬಂದರು. ನನ್ನ ತಮ್ಮನೇ ಅವಸರಪಟ್ಟು ಶನಿವಾರ ಮಧ್ಯಾಹ್ನ ತೀರಿಕೊಂಡಿದ್ದ. ಅವನ ಕೋಣೆಯಲ್ಲೇ ಬಂಧಿಯಾಗಿದ್ದ ಅಡುಗೆಯವನೊಬ್ಬ ನನಗೆ ಫೋನ್ ಮಾಡಿ ಹೇಳಿದ್ದಿಷ್ಟು: "ಅಕ್ಕಾ, ಎಲ್ರೂ ಸೇರಿ ಬಾಗ್ಲು ಬಡಿದ್ವಿ. ಕಾವಲಿನವನು ಕಿಂಡೀಲಿ ನೋಡಿ, ನಾಟಕ ಸಾಕು ಅಂದ. ನಿಮ್ ತಮ್ಮ ಗೋಡೆಗೊರಗಿ ಕೂತಿದ್ದ. ಕೊನೇವರೆಗೂ ನನ್ ಕೈ ಬಿಡ್ಲಿಲ್ಲ."

ಅವನ ಸಾಮಾನುಗಳನ್ನು ತಾವು ಒಂದೂ ಕಳೆಯದಂತೆ ಹಿಂದಿರುಗಿಸಿದ್ದೀರಿ. ಇನ್ಹೇಲರ್ ಮೊಹರು ಹಾಕಿದ ಚೀಲದಲ್ಲಿತ್ತು. ಒತ್ತಿ ನೋಡಿದೆ; ಚೆನ್ನಾಗಿ ಕೆಲಸ ಮಾಡುತ್ತದೆ.

ತಮ್ಮ ತನಿಖಾ ವರದಿಯನ್ನೂ ಭಕ್ತಿಯಿಂದ ಓದಿದೆ. ಸಾವು ಸಹಜ, ಮೃತನು ತನ್ನ ಕಾಯಿಲೆಯ ತೀವ್ರತೆಯನ್ನು ಸಿಬ್ಬಂದಿಗೆ ಮನವರಿಕೆ ಮಾಡಿಕೊಡಲು ವಿಫಲನಾದನು, ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ. ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಕತೆ ಕೇಳಿದ್ದೆ. ಸತ್ತವನ ಬಾಯಿಗೇ ಒರೆಸಿದ್ದನ್ನು ಈಗ ಕಂಡೆ. ಸಾಕ್ಷಿ ಹೇಳಬೇಕಿದ್ದ ಅಡುಗೆಯವನನ್ನು ತನಿಖೆಯ ಹಿಂದಿನ ದಿನವೇ ವಿಮಾನ ಹತ್ತಿಸಿದ್ದರಿಂದ, ಅವನು ಮುಂದೆ ಬರಲಿಲ್ಲವೆಂಬುದು ಅಕ್ಷರಶಃ ಸತ್ಯ.

ಮನುಷ್ಯರಾರೂ ಹೊಣೆಯಲ್ಲವೆಂದು ತೀರ್ಮಾನವಾಗಿರುವುದರಿಂದ, ದಯವಿಟ್ಟು ಆ ಬಾಗಿಲನ್ನೇ ಬಂಧಿಸಿ ವಿಚಾರಿಸಬೇಕು; ಅಷ್ಟು ಜನ ಬಡಿದದ್ದು ಅದಕ್ಕಾದರೂ ಕೇಳಿಸಿರಬೇಕು. ಮುಂದೆ ಹಿಡಿದು ತರುವ ಉಬ್ಬಸದವರಿಗೆ, ಡಾಕ್ಟರು ಬರುವ ದಿನ ನೋಡಿಕೊಂಡೇ ಉಸಿರುಗಟ್ಟುವಂತೆ ತರಬೇತಿಯನ್ನೂ ಕೊಡಿಸಬೇಕು. ಇದಾವುದೂ ಆಗದಿದ್ದರೆ, ಅವನು ಹೋದದ್ದು ಯಾರ ತಪ್ಪಿನಿಂದ ಎಂದು ಒಂದೇ ಒಂದು ಸಾಲು ಬರೆದು, ಕೆಳಗೆ ಒಬ್ಬರ ಹೆಸರು ಹಾಕಿ ಕಳಿಸಿದರೂ ಸಾಕು. ನಮ್ಮ ಅಮ್ಮ ದಿನವೂ ಅದನ್ನೇ ಕೇಳುತ್ತಾಳೆ. ಸಹಜ ಎಂದರೆ ಅವಳಿಗೆ ಅರ್ಥವಾಗುತ್ತಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಕ್ಷೌರಿಕನ ಅಕ್ಕ

ಮರೆತ ಮಾತು: ಅಡುಗೆಯವನನ್ನು ಅವನ ದೇಶಕ್ಕೆ ತಲುಪಿಸಿದ್ದು ಮಹೋಪಕಾರವಾಯಿತು. ಇಲ್ಲಿದ್ದಿದ್ದರೆ ಬಾಯಿಬಿಡಲು ಹೆದರುತ್ತಿದ್ದ. ಅಲ್ಲಿ ಅವನು ತಮಗೆ ಹೆದರಬೇಕಾಗಿಲ್ಲ. ನಾನು ಹೂಡಿರುವ ಮೊಕದ್ದಮೆಯಲ್ಲಿ ನ್ಯಾಯಾಧೀಶರು ವಿಡಿಯೋ ಮೂಲಕ ಅವನ ಸಾಕ್ಷ್ಯ ಕೇಳಲು ಒಪ್ಪಿದ್ದಾರೆ, ತಮಗೂ ಸಮನ್ಸ್ ಕಳಿಸಿದ್ದಾರೆ. ತಾವಾಗಿಯೇ ಬರುವಿರೆಂದು ನಂಬಿದ್ದೇನೆ. ಬಾರದವರನ್ನು ಕರೆತರಲು ಜನ ಹೋಗುತ್ತಾರಂತೆ, ಆಗ ಮಾಡುತ್ತಿರುವ ಕೆಲಸ ಮುಗಿಸಲು ಬಿಡುವುದಿಲ್ಲವಂತೆ.