ಹೋಟೆಲಿನಲ್ಲಿ ತಂಗದ ಅತ್ತೆ

ನನ್ನ ಸೋದರತ್ತೆ ಜೀವಮಾನದಲ್ಲಿ ಒಂದು ಸಲವೂ ಹೋಟೆಲಿನಲ್ಲಿ ತಂಗಿದವರಲ್ಲ. ವಿಜಯವಾಡದ ಹೋಟೆಲೊಂದರಲ್ಲಿ ಮೂರು ದಿನ ಅವರ ಜೊತೆ ತಂಗಿದ್ದ ನಾನೇ ಇದಕ್ಕೆ ಸಾಕ್ಷಿ!

ಎಂಬತ್ತರ ದಶಕದ ಕೊನೆಯ ಮಾತು. ಎಂ.ಎ. ಮುಗಿಸಿದ್ದ ನನಗೆ ಅಲ್ಲಿನ ಮಹಿಳಾ ಕಾಲೇಜೊಂದರಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ವಿಶಾಖಪಟ್ಟಣದ ಬಂದರು ಕಚೇರಿಯಲ್ಲಿದ್ದ ಅಪ್ಪ ಬೇಡವೆನ್ನಲಿಲ್ಲ. "ಕೆಲಸ ಸಿಕ್ಕಿದ್ರೂ, ಆ ಊರಲ್ಲಿ ನಮ್ಮವರು ಅಂತ ಯಾರಿದ್ದಾರೆ?" ಎಂದಷ್ಟೇ ಕೇಳಿದರು. ನಮ್ಮ ಮನೆಯಲ್ಲಿ ಅದು ಪ್ರಶ್ನೆಯಲ್ಲ, ತೀರ್ಪು. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದು ನಾನು ಯಾರಿಗೂ ಹೇಳಿರಲಿಲ್ಲ.

ಜೊತೆಗೆ ಅತ್ತೆ ಹೊರಟರು. ಬ್ಯಾಂಕ್ ಅಧಿಕಾರಿಯಾದ ಮಾವನ ವರ್ಗಾವಣೆಗಳ ಹಿಂದೆ ಹನ್ನೊಂದು ಊರು ಸುತ್ತಿದವರು. ಅವರ ತೆಲುಗೆಂದರೆ ಕನ್ನಡದ ತುದಿಗೆ ಮರ್ಯಾದೆಯ ಒಂದು 'ಅಂಡಿ'.

ಮಾವನ ಬ್ಯಾಂಕಿನವರು ಇಳಿದುಕೊಳ್ಳುತ್ತಿದ್ದ ಆ ಹೋಟೆಲು ಹಿಂದೆ ಯಾರೋ ಬ್ರಿಟಿಷ್ ಎಂಜಿನಿಯರನ ಬಂಗಲೆಯಾಗಿತ್ತು. ಎಂಟೇ ಕೋಣೆ, ತೇಗದ ಮೆಟ್ಟಿಲು, ಕೃಷ್ಣೆಗೆ ಮುಖಮಾಡಿದ ಉದ್ದನೆಯ ವರಾಂಡ. ಸಂಜೆ ಅಲ್ಲಿನ ಬೆತ್ತದ ಕುರ್ಚಿಯಲ್ಲಿ ಕೂತರೆ ನದಿಯ ತೇವ ಸೀರೆಯ ಮಡಿಕೆಗೂ ಇಳಿಯುತ್ತಿತ್ತು. ಅಂಥ ಗಾಳಿ ನನಗೆ ಆಮೇಲೆ ಎಲ್ಲೂ ಸಿಕ್ಕಿಲ್ಲ.

ರಿಜಿಸ್ಟರಿನಲ್ಲಿ 'ಬಂದ ಕಾರಣ' ಎಂಬ ಕಡೆ ನಾನಿನ್ನೂ ಪೆನ್ನು ಊರಿರಲಿಲ್ಲ. "ನಿಮ್ಮನ್ನೆಲ್ಲ ನೋಡ್ಕೊಂಡು ಹೋಗೋಣಾಂತ ಬಂದ್ವಂಡಿ" ಎಂದು ಅತ್ತೆ ಮ್ಯಾನೇಜರ ಮುಂದೆ ಕೋಡುಬಳೆ ಡಬ್ಬ ಇಟ್ಟೇಬಿಟ್ಟರು!

"ಅಮ್ಮಗಾರೂ, ಇದಿ ಹೋಟಲಂಡಿ, ಇಲ್ಲು ಕಾದು," ಇದು ಮನೆಯಲ್ಲವಮ್ಮ ಎಂದರು ಮ್ಯಾನೇಜರು.

"ಹೋಟೆಲಾದ್ರೆ ಬರಿಗೈಲಿ ಬರಕ್ಕಾಗುತ್ತೇನಂಡಿ?"

ಮೆಟ್ಟಿಲ ತಿರುವಿನಲ್ಲಿ ಗಿರಿಜಾ ಮೀಸೆಯ ಆ ಎಂಜಿನಿಯರ್ ದೊರೆಯ ಚಿತ್ರವಿತ್ತು. "ಯಾರ ಮನೇಲಿ ಮಲಗ್ತೀವೋ ಅವರಿಗೊಂದು ಹೂವಾದ್ರೂ ಬೇಡ್ವೇ?" ಎಂದು ಅತ್ತೆ ಚೌಕಟ್ಟಿಗೆ ದಾಸವಾಳ ಸಿಕ್ಕಿಸಿದರು. ಮರುದಿನ ಅಡುಗೆಯವರು ತಾವಾಗಿ ಊದುಬತ್ತಿ ಹಚ್ಚಿದರು. ಮೂರನೆಯ ದಿನ ದೊರೆಯ ಹಣೆಗೆ ಕುಂಕುಮವೂ ಬಂತು! ಆ ಕೆಂಪು ಮುಖದಲ್ಲಿ ಅದು ಕಾಣಿಸುತ್ತಿರಲಿಲ್ಲ, ಅದು ಬೇರೆ ಮಾತು.

ಬೆಳಗ್ಗೆ ಎದ್ದರೆ ಅತ್ತೆ ಹಾಸಿಗೆ ಮಡಚಿ, ಕೋಣೆ ಗುಡಿಸಿ, ತರಕಾರಿ ಹೆಚ್ಚಲು ಹೋಟೆಲಿನ ಅಡುಗೆಮನೆಗೆ ಹೊರಟಿರುತ್ತಿದ್ದರು.

"ಅತ್ತೆ, ಎಲ್ಲರೂ ನೋಡ್ತಿದ್ದಾರೆ!"

"ನೋಡ್ಲಿ ಬಿಡೇ. ನೋಡಿದ್ರೆ ತಾನೆ ಗುರುತಾಗೋದು?"

ಎರಡನೆಯ ದಿನ ಮಧ್ಯಾಹ್ನದೊಳಗೆ ಅಡುಗೆಯವರ ಮಗಳು ತುಂಬು ಬಸುರಿಯೆಂದು ತಿಳಿಯಿತು. ಸಂಜೆಯೊಳಗೆ ಅತ್ತೆ ಭವಾನಿಪುರಂನಲ್ಲಿದ್ದ ಅವರ ಮನೆಗೇ ಹೋಗಿ ಅವಳಿಗೆ ಹೂ ಮುಡಿಸಿ ಬಂದಿದ್ದರು. ನಾನು ಮಾತ್ರ ಕೋಣೆಯೊಳಗೆ ಪುಸ್ತಕದಲ್ಲಿ ಮುಖ ಹುದುಗಿಸಿ ಕೂತಿದ್ದೆ.

ಮೂರನೆಯ ದಿನ ಸಂದರ್ಶನ ಮುಗಿಸಿ ಬಂದರೆ ಮ್ಯಾನೇಜರು, ಅಡುಗೆಯವರು ಎಲ್ಲ ವರಾಂಡದಲ್ಲಿ ಸಾಲಾಗಿ ನಿಂತಿದ್ದಾರೆ! ಅತ್ತೆ ಇಡೀ ಬಂಗಲೆಗೆ ನನ್ನ ಸಂದರ್ಶನದ ಸುದ್ದಿ ಹಂಚಿದ್ದರು.

"ಏಮಾಯಿಂದಮ್ಮಾ?" ಏನಾಯಿತಮ್ಮ ಎಂದರು ಮ್ಯಾನೇಜರು.

ಸಿಕ್ಕಿತು ಎಂದೆ. ಇವತ್ತೇ ಒಪ್ಪಿಗೆ ತಿಳಿಸಬೇಕೆಂದೂ ಹೇಳಿದೆ. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿ, ಸೀದಾ ಹೋಗಿ ಅಪ್ಪನ ಕಚೇರಿಗೆ ಟ್ರಂಕ್ ಕಾಲ್ ಬುಕ್ ಮಾಡಿಸಿದರು.

"ಅಣ್ಣ, ಮಗೂಗೆ ಕೆಲಸ ಆಯ್ತು. ಯಾರಿದ್ದಾರೆ ಅಂದ್ಯಾ? ಕೇಳಿಸ್ಕೋ. ಇಲ್ಲಿ ಮ್ಯಾನೇಜರಿದ್ದಾರೆ, ಈಗ ನನಗೆ ತಮ್ಮ ಆಗ್ಬೇಕು. ಅಡುಗೆಯವರ ಮನೆ ಮಹಡಿ ಮೇಲೆ ಖಾಲಿ ಕೋಣೆ ಇದೆ, ಒಳಗಿಂದ ಚಿಲಕ ಹಾಕಿ ನೋಡಿ ಬಂದಿದೀನಿ."

ಆ ಕಡೆಯಿಂದ ಅಪ್ಪ ಏನೋ ಹೇಳಿದರು. ಅತ್ತೆಯ ದನಿ ತಗ್ಗಿತು.

"ನನಗೆ ಮೈಸೂರಿನ ಕಾಲೇಜಲ್ಲಿ ಸೀಟು ಸಿಕ್ಕಿದಾಗ ನಮ್ಮಪ್ಪನೂ ಇದನ್ನೇ ಕೇಳಿದ್ರು. ನೀನು ಅಲ್ಲೇ ಬಾಗಿಲ ಹತ್ರ ನಿಂತಿದ್ದೆ, ಅಣ್ಣ. ನಾನು ನಿನ್ನ ಮುಖಾನೇ ನೋಡ್ತಿದ್ದೆ."

ಅತ್ತೆ ರಿಸೀವರನ್ನು ನನ್ನ ಕೈಗಿಟ್ಟು ಹೊರಗೆ ನಡೆದರು.

"ಹೂಂ ಅಂದುಬಿಡು. ಭಾನುವಾರ ನಿನ್ನ ಹಾಸಿಗೆ ನಾನೇ ತರ್ತೀನಿ" ಎಂದರು ಅಪ್ಪ.

ವರಾಂಡಕ್ಕೆ ಹೋದೆ. ಅತ್ತೆ ನದಿಯ ಕಡೆ ತಿರುಗಿ ನಿಂತಿದ್ದರು. ಪಕ್ಕದಲ್ಲಿ ನಿಂತೆ. ಅವರು ಸೆರಗಿನ ತುದಿಯಿಂದ ಮೊದಲು ನನ್ನ ಮುಖ ಒರೆಸಿದರು, ಆಮೇಲೆ ತಮ್ಮದು.